ಒಣಗಾಳಿಯಲ್ಲಿ ಬಾತು ಮರಿಗಳಿಗೆ ಕಾದ 28 ದಿನ

ಹೋದ ವರ್ಷದ ಬೇಸಿಗೆ. ಇನ್ಕ್ಯುಬೇಟರಿನಲ್ಲಿ, ಅಂದರೆ ಕರೆಂಟಿನಿಂದ ಕಾವು ಕೊಡುವ ಪೆಟ್ಟಿಗೆಯಲ್ಲಿ, ಇಟ್ಟು ಮೂವತ್ತನೇ ದಿನವೂ ಒಡೆಯದ ಬಾತು ಮೊಟ್ಟೆಯೊಂದನ್ನು ನಾನೇ ಒಡೆದು ನೋಡಿದೆ. ಒಳಗೆ ಮರಿ ಪೂರ್ತಿ ಬೆಳೆದಿತ್ತು. ಕೊಕ್ಕು, ಉಗುರು, ಬೆರಳುಗಳ ನಡುವಿನ ತೆಳ್ಳನೆ ಚರ್ಮ, ಎಲ್ಲ ಇತ್ತು. ಚಿಪ್ಪಿಗೆ ಜೋಳದ ಕಾಳಿನಷ್ಟು ತೂತನ್ನೂ ಮಾಡಿಕೊಂಡಿತ್ತು. ಆದರೆ ಒಳಗಿನ ಬಿಳಿ ಪೊರೆ ಒಣಗಿ, ಈರುಳ್ಳಿ ಸಿಪ್ಪೆಯ ಹಾಗೆ ಗಟ್ಟಿಯಾಗಿ, ಅದರ ಮೈಗೆ ಬಿಗಿದುಕೊಂಡಿತ್ತು. ತಲೆ ತಿರುಗಿಸಲು ಜಾಗವೇ ಇರಲಿಲ್ಲ. ಹಾಗೇ ಸತ್ತಿತ್ತು.

ಅವತ್ತು ಹನ್ನೆರಡು ಮೊಟ್ಟೆಗಳಲ್ಲಿ ಬದುಕಿದ್ದು ಮೂರು. ಐದು ಮರಿಗಳು ಇದೇ ರೀತಿ ಚಿಪ್ಪಿನೊಳಗೇ ಹೋಗಿದ್ದವು. ಎರಡು ದಿನ ನನಗೆ ಊಟ ಸೇರಲಿಲ್ಲ. ಬಿಸಿಲು ಜಾಸ್ತಿಯಾಗಿ ಸತ್ತವು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ ಅಂತ ಗೊತ್ತಾಗಲು ಇನ್ನೊಂದು ಬೇಸಿಗೆ ಬೇಕಾಯಿತು.

ನಮ್ಮದು ಸಿಂಧನೂರಿನ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಎರಡು ಸಲ ಭತ್ತ ಬೆಳೆಯುವ ನೆಲ. ಬೇಸಿಗೆ ಬೆಳೆ ಕೊಯ್ದ ಮೇಲೆ ಆಂಧ್ರದ ಕಡೆಯಿಂದ ಬಾತು ಕಾಯುವವರು ಬರುತ್ತಾರೆ. ಸಾವಿರಗಟ್ಟಲೆ ಬಾತುಗಳು ಗದ್ದೆಯಲ್ಲಿ ಉದುರಿದ ಭತ್ತ, ಹುಳ, ಬಸವನಹುಳು ಆಯ್ದು ತಿನ್ನುತ್ತಾ ಸಾಗುತ್ತವೆ. ರಾತ್ರಿ ಬಲೆ ಕಟ್ಟಿ ಅದರೊಳಗೆ ಕೂಡುತ್ತಾರೆ. ಬಾತು ಸಾಮಾನ್ಯವಾಗಿ ನಸುಕಿನಲ್ಲೇ ಮೊಟ್ಟೆ ಇಡುತ್ತದೆ. ಬೆಳಕು ಹರಿಯುವಷ್ಟರಲ್ಲಿ ಬುಟ್ಟಿ ಹಿಡಿದು ಆರಿಸುವ ಕೆಲಸ ನಡೆದಿರುತ್ತದೆ.

ಈ ಸಲ ಏಪ್ರಿಲ್ 7ರ ಬೆಳಿಗ್ಗೆ ನಾನೇ ಅಲ್ಲಿಗೆ ಹೋದೆ. ಗಂಡು ಬಾತು ಎಷ್ಟಿವೆ ಅಂತ ಮೊದಲು ಕೇಳಿದೆ. ಮೊಟ್ಟೆ ಮಾರುವುದಕ್ಕಷ್ಟೇ ಸಾಕುವವರು ಗಂಡು ಕಡಿಮೆ ಇಟ್ಟಿರುತ್ತಾರೆ. ಆರೇಳು ಹೆಣ್ಣಿಗೆ ಒಂದು ಗಂಡಾದರೂ ಇಲ್ಲದಿದ್ದರೆ ಕಾವಿಗಿಟ್ಟ ಮೊಟ್ಟೆಗಳಲ್ಲಿ ಬಹಳಷ್ಟು ಬರಿದೇ ಆಗುತ್ತವೆ. ಆ ಹಿಂಡಿನ ಹಿರಿಯ ನನ್ನ ಪ್ರಶ್ನೆ ಕೇಳಿ ನಕ್ಕ. ತೆಲುಗು ಬೆರೆತ ಕನ್ನಡದಲ್ಲಿ, "ಮರಿ ಮಾಡ್ಸಾಕ ಏನಮ್ಮಾ? ಈ ಬಿಸಿಲಾಗಾ?" ಅಂದ. ಹೌದು ಅಂದೆ. ಗಂಡುಗಳು ಜಾಸ್ತಿ ಇದ್ದ ಒಂದು ಸಣ್ಣ ಹಿಂಡು ಬೇರೆ ಇತ್ತು. ಅದರ ಬಲೆಯಿಂದಲೇ ಇಪ್ಪತ್ತು ಮೊಟ್ಟೆ ಆರಿಸಿಕೊಟ್ಟ. ಹೊರಡುವಾಗ ಒಂದು ಮಾತು ಹೇಳಿದ. "ತಾಯಿ ಬಾತು ದಿನಾ ಎದ್ದು ಹೋಗಿ ನೀರಾಗ ಮುಳುಗಿ ಬರ್ತದಮ್ಮಾ. ಒದ್ದಿ ಹೊಟ್ಟಿಲೇ ಬಂದು ತತ್ತಿ ಮ್ಯಾಲ ಕುಂದರ್ತದ. ನಿನ್ನ ಡಬ್ಬಿಗೆ ಆ ಒದ್ದಿ ಹೊಟ್ಟಿ ಎಲ್ಲಿಂದ ತರ್ತಿ?"

ಇಡೀ 28 ದಿನ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತ್ತು.

ಮೊಟ್ಟೆಗಳನ್ನು ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಬಿಸಿಲೇರುವ ಮೊದಲೇ ಮನೆಗೆ ತಂದೆ. ಒಂದು ಬಿರುಕು ಬಿಟ್ಟಿತ್ತು. ಹತ್ತೊಂಬತ್ತು ಉಳಿದವು. ಬೇಸಿಗೆಯಲ್ಲಿ ಮೊಟ್ಟೆ ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಕಾವಿಗಿಡುತ್ತೇನೆ ಅಂದರೆ ನಡೆಯುವುದಿಲ್ಲ. ಬಿಸಿ ಕೋಣೆಯಲ್ಲಿ ಬಿದ್ದ ಮೊಟ್ಟೆಯೊಳಗೆ ಬೆಳವಣಿಗೆ ಅರೆಬರೆ ಶುರುವಾಗುತ್ತದೆ. ಸರಿಯಾದ ಕಾವು ಸಿಗದೆ ನಿಂತು ಹೋಗುತ್ತದೆ. ಅದಕ್ಕೇ ಒಂದೇ ರಾತ್ರಿ ಇಟ್ಟೆ. ಅಗಲ ಬಾಯಿಯ ಮಣ್ಣಿನ ಹರವಿಯಲ್ಲಿ ಮೊಟ್ಟೆಗಳ ದಪ್ಪ ತುದಿ ಮೇಲೆ ಮಾಡಿ ಜೋಡಿಸಿ, ಹರವಿಯನ್ನು ಒದ್ದೆ ಮರಳಿನಲ್ಲಿ ಕೂರಿಸಿದೆ. ಕೆಸರು ಹತ್ತಿದ್ದ ಮೊಟ್ಟೆಗಳನ್ನು ತೊಳೆಯಲಿಲ್ಲ. ಒಣ ಬಟ್ಟೆಯಿಂದ ಉಜ್ಜಿದೆ ಅಷ್ಟೇ. ತಣ್ಣೀರಲ್ಲಿ ತೊಳೆದರೆ ಚಿಪ್ಪಿನ ರಂಧ್ರಗಳಿಂದ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಐದು ಮೊಟ್ಟೆ ಅತ್ತೆಯವರ ಪಾಲಿಗೆ ಹೋದವು. ಅವರ ಜವಾರಿ ಕೋಳಿ ಆಗಲೇ ಕಾವಿಗೆ ಕೂತಿತ್ತು. ಉಳಿದ ಹದಿನಾಲ್ಕು ನನ್ನ ಇನ್ಕ್ಯುಬೇಟರಿಗೆ. ಅದು ಫ್ಯಾನ್ ಇರುವ ಥರ್ಮಾಕೋಲ್ ಪೆಟ್ಟಿಗೆ.

ಇದಕ್ಕೂ ಮೊದಲು ಎರಡು ಕೆಲಸ ಮಾಡಿದ್ದೆ. ಒಂದು, ಪೆಟ್ಟಿಗೆಯ ಜಾಗ ಬದಲಿಸಿದ್ದು. ಹೋದ ವರ್ಷ ಅದನ್ನು ಹಿಂದಿನ ತಗಡಿನ ಕೋಣೆಯಲ್ಲಿ ಇಟ್ಟಿದ್ದೆ. ಮಧ್ಯಾಹ್ನ ಅಲ್ಲಿ 41 ಡಿಗ್ರಿ ಇರುತ್ತಿತ್ತು. ಇನ್ಕ್ಯುಬೇಟರಿಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಒಳಗೆ 37.5 ಇರಬೇಕಾದರೆ ಹೊರಗೆ ಅದಕ್ಕಿಂತ ಕಡಿಮೆ ಇರಲೇಬೇಕಲ್ವಾ? ಇಷ್ಟು ಸರಳ ವಿಷಯ ನಾನು ಯೋಚಿಸಿರಲಿಲ್ಲ. ಈ ಸಲ ಹಳೇ ಮಾಳಿಗೆ ಮನೆಯ ಒಳಕೋಣೆಗೆ ತಂದೆ. ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ 42 ಇದ್ದ ದಿನವೂ ಒಳಗೆ 34 ದಾಟಲಿಲ್ಲ.

ಎರಡನೆಯದು, ತೇವ ಅಳೆಯುವ ಮೀಟರನ್ನು ಪರೀಕ್ಷೆ ಮಾಡಿದ್ದು. ಇದು ಪಶುವೈದ್ಯರೊಬ್ಬರು ಹೇಳಿಕೊಟ್ಟ ವಿಧಾನ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆಯಾಗುವಷ್ಟು ಮಾತ್ರ ನೀರು ಹನಿಸಬೇಕು. ಕರಗುವಷ್ಟು ಹಾಕಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ಯಾವಾಗಲೂ ನೂರಕ್ಕೆ 75ರ ಹತ್ತಿರ ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ನನ್ನ ಮೀಟರ್ 86 ತೋರಿಸುತ್ತಿತ್ತು. ಹನ್ನೊಂದು ಅಂಕಿ ಹೆಚ್ಚು!

ಆ ಅಂಕಿ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹೋದ ವರ್ಷ ದಿನವೂ 55 ಬರೆದುಕೊಂಡು ಎಲ್ಲ ಸರಿ ಇದೆ ಅಂತ ನೆಮ್ಮದಿಯಿಂದ ಇದ್ದೆ. ನಿಜವಾಗಿ ಒಳಗೆ ಇದ್ದದ್ದು 44. ಆ ಐದು ಮರಿಗಳು ಇಪ್ಪತ್ತೆಂಟು ದಿನ ಒಣಗುತ್ತಲೇ ಬೆಳೆದಿದ್ದವು. ಈಗ ಮೀಟರಿನ ಮೇಲೆ ಚೀಟಿ ಅಂಟಿಸಿದ್ದೇನೆ: "11 ಕಳೆ."

ಏಪ್ರಿಲ್ 8ರ ಸಂಜೆ ಮೊಟ್ಟೆ ಇಟ್ಟೆ. ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ ಒಂದು ಬದಿ ಗುಣಿಸುವ ಗುರುತು, ಇನ್ನೊಂದು ಬದಿ ಸೊನ್ನೆ. ದಿನಕ್ಕೆ ಐದು ಸಲ ತಿರುಗಿಸುವುದು. ಬೆಸ ಸಂಖ್ಯೆ ಯಾಕೆ ಅಂದರೆ, ರಾತ್ರಿಯ ಉದ್ದ ಹೊತ್ತು ದಿನವೂ ಒಂದೇ ಮಗ್ಗುಲಿಗೆ ಬೀಳಬಾರದು. ಪ್ರತಿ ಮೊಟ್ಟೆಯ ತೂಕವನ್ನೂ ಬರೆದುಕೊಂಡೆವು. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಎಂಟನೇ ಕ್ಲಾಸಿನ ಮಗ ತೂಗಿದ, ನಾನು ಬರೆದೆ. ಸರಾಸರಿ 68 ಗ್ರಾಂ.

ಈ ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕಣ್ಣು ತೆರೆಸಿದ್ದೇ ಇದು. ಕಾವಿಗಿಟ್ಟ ಮೊಟ್ಟೆಯಿಂದ ನೀರಿನಾಂಶ ಚಿಪ್ಪಿನ ರಂಧ್ರಗಳ ಮೂಲಕ ದಿನವೂ ಆವಿಯಾಗುತ್ತದೆ. ಆಗಬೇಕು ಕೂಡ. ನೀರು ಹೋದಷ್ಟು ದಪ್ಪ ತುದಿಯಲ್ಲಿ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಕೊನೆಗೆ ಮರಿ ತನ್ನ ಮೊದಲ ಉಸಿರು ತೆಗೆದುಕೊಳ್ಳುವುದು ಆ ಕೋಣೆಯಿಂದಲೇ. 25ನೇ ದಿನದ ಹೊತ್ತಿಗೆ ಬಾತು ಮೊಟ್ಟೆಯ ತೂಕ ನೂರಕ್ಕೆ 12ರಿಂದ 14ರಷ್ಟು ಇಳಿದಿರಬೇಕು. ಅದಕ್ಕಿಂತ ಕಡಿಮೆ ಇಳಿದರೆ ಒಳಗೆ ನೀರು ಜಾಸ್ತಿಯಾಗಿ ಮರಿ ಊದಿಕೊಂಡು ಉಸಿರುಗಟ್ಟುತ್ತದೆ. ಜಾಸ್ತಿ ಇಳಿದರೆ ಒಣಗಿ ಪೊರೆಗೆ ಅಂಟುತ್ತದೆ. ಮೀಟರ್ ಸುಳ್ಳು ಹೇಳಬಹುದು, ತಕ್ಕಡಿ ಹೇಳುವುದಿಲ್ಲ.

ನಮ್ಮ ಲೆಕ್ಕದಲ್ಲಿ 68 ಗ್ರಾಮಿಗೆ 25 ದಿನದಲ್ಲಿ ಸುಮಾರು 8.8 ಗ್ರಾಂ ಇಳಿಯಬೇಕಿತ್ತು. ಮಗ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ. ಏಳನೇ ದಿನಕ್ಕೆ 2.5 ಗ್ರಾಂ ಇಳಿಯಬೇಕು. ತೂಗಿದರೆ 3.5 ಇಳಿದಿತ್ತು. "ಅವ್ವಾ, ಗೆರೆ ಕೆಳಗ ಹೋಗೇತಿ," ಅಂದ ಮಗ. ಮೀಟರ್ ತಿದ್ದಿಕೊಂಡು 55 ಇಟ್ಟಿದ್ದರೂ ಹೀಗಾಗಿತ್ತು. ಮಧ್ಯಾಹ್ನ ನಾನು ಮನೆಗೆಲಸದಲ್ಲಿ ಇರುವಾಗ ತೇವ 40ಕ್ಕೆ ಬೀಳುತ್ತಿತ್ತು ಅಂತ ಆಮೇಲೆ ಪತ್ತೆಯಾಯಿತು.

ನಮ್ಮ ಕಡೆ ಏಪ್ರಿಲ್ ಗಾಳಿ ಹೇಗಿರುತ್ತದೆ ಅಂದರೆ, ಒದ್ದೆ ಸೀರೆ ಹರವಿ ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಅದೇ ಗಾಳಿ ಪೆಟ್ಟಿಗೆಯೊಳಗೂ ಹೋಗುತ್ತದೆ. ಬೆಳಗಿನ ತಂಪು ಗಾಳಿಯೂ ಬಿಸಿಯಾದ ಕೂಡಲೇ ಒಣಗುತ್ತದೆ. 28 ಡಿಗ್ರಿಯಲ್ಲಿ ತೇವ 40 ಇದ್ದ ಗಾಳಿ, 37.5ಕ್ಕೆ ಕಾದರೆ ತೇವ 24ರ ಹತ್ತಿರ ಇಳಿಯುತ್ತದೆ. ಅಲ್ಲಿಂದ 55ಕ್ಕೆ ಏರಿಸಬೇಕು ಅಂದರೆ ಪೆಟ್ಟಿಗೆಯ ಜೊತೆ ಬರುವ ಪುಟ್ಟ ನೀರಿನ ಬಟ್ಟಲು ಯಾವ ಲೆಕ್ಕ?

ಮೊದಲು ನಾನು ಬಟ್ಟಲಿಗೆ ಇನ್ನಷ್ಟು ನೀರು ತುಂಬಿದೆ. ಏನೂ ಆಗಲಿಲ್ಲ. ನೀರಿನ ಆಳ ಅಲ್ಲ, ಅಗಲ ಮುಖ್ಯ. ಬಟ್ಟಲು ತೆಗೆದು ಅಗಲ ತಾಟು ಇಟ್ಟೆ. ಅದರಲ್ಲಿ ಹತ್ತಿ ಬಟ್ಟೆಯ ಪಟ್ಟಿಗಳನ್ನು ದೀಪದ ಬತ್ತಿಯ ಹಾಗೆ ನೆನೆಹಾಕಿ ಮೇಲಕ್ಕೆ ಎಳೆದು ಕಟ್ಟಿದೆ. ಕೂಡಲೇ ಹತ್ತು ಅಂಕಿ ಏರಿತು. ಆಮೇಲೆ ಕೋಣೆಯನ್ನೇ ಒದ್ದೆ ಮಾಡಿದೆವು. ಕಿಟಕಿಗೆ ನೆನೆಸಿದ ಗೋಣಿ ಚೀಲ, ನೆಲದ ಮೇಲೆ ಒದ್ದೆ ಮರಳಿನ ತಟ್ಟೆ. ನಮ್ಮ ಮನೆಯವರು ಕೂಲರ್ ತಂದು ಬಾಗಿಲಲ್ಲಿಟ್ಟರು. ಒಣ ಸೀಮೆಯಲ್ಲಿ ಕೂಲರ್ ಗಾಳಿಗೆ ತಂಪನ್ನೂ ಕೊಡುತ್ತದೆ, ತೇವವನ್ನೂ ಕೊಡುತ್ತದೆ. ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಗಲಿಲ್ಲ. ಗಾಳಿ ನೇರ ಪೆಟ್ಟಿಗೆಗೆ ಹೊಡೆಯದಂತೆ ಮಾತ್ರ ನೋಡಿಕೊಂಡೆವು.

ತೇವ ಹೊರಗೆ ಹೋಗಬಾರದು ಅಂತ ಪೆಟ್ಟಿಗೆಯ ಗಾಳಿ ಕಿಂಡಿಗಳನ್ನು ಮುಚ್ಚುವ ಆಸೆ ಯಾರಿಗಾದರೂ ಆಗುತ್ತದೆ. ನನಗೂ ಆಯಿತು. ದಯವಿಟ್ಟು ಮುಚ್ಚಬೇಡಿ. ಚಿಪ್ಪಿನೊಳಗಿನ ಜೀವ ಉಸಿರಾಡುತ್ತಿರುತ್ತದೆ. ದಿನ ಕಳೆದಂತೆ ಅದಕ್ಕೆ ಇನ್ನೂ ಜಾಸ್ತಿ ಗಾಳಿ ಬೇಕು.

ಎಂಟನೇ ದಿನದಿಂದ ಒದ್ದೆ ಹೊಟ್ಟೆಯ ಕೆಲಸ ಶುರು. ದಿನಕ್ಕೊಮ್ಮೆ ಬೆಳಿಗ್ಗೆ ಮುಚ್ಚಳ ತೆರೆದು ಹತ್ತು ನಿಮಿಷ ಮೊಟ್ಟೆ ಆರಲು ಬಿಡುತ್ತಿದ್ದೆ. ಆಮೇಲೆ ಕುದಿಸಿ ಆರಿಸಿದ ಉಗುರು ಬೆಚ್ಚಗಿನ ನೀರನ್ನು ಸ್ಪ್ರೇ ಬಾಟಲಿಯಿಂದ ಮೇಲೆಲ್ಲ ಮಂಜಿನಂತೆ ಸಿಂಪಡಿಸಿ ಮುಚ್ಚುವುದು. ತಣ್ಣೀರು ಬೇಡ, ಕೊಳಕು ನೀರಂತೂ ಬೇಡವೇ ಬೇಡ. ಅತ್ತೆಯವರು ಕೋಳಿಯ ಕೆಳಗಿನ ಮೊಟ್ಟೆಗಳಿಗೂ ಸಂಜೆ ಕೋಳಿ ಮೇವಿಗೆ ಎದ್ದಾಗ ನೀರು ಚಿಮುಕಿಸುತ್ತಿದ್ದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಕೋಳಿಗೆ ಈಜಾಕ ಬರಂಗಿಲ್ಲಲ್ಲವಾ, ಅದಕ್ಕ ನಾವ ಚಿಮುಕಿಸಬೇಕು," ಅಂದರು. ಅವರ ಬುಟ್ಟಿಯ ತಳದಲ್ಲಿ ಒದ್ದೆ ಮಣ್ಣು, ಅದರ ಮೇಲೆ ಹುಲ್ಲು, ನಡುವೆ ಬೇವಿನ ಸೊಪ್ಪು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಇದ್ದಿಲ ತುಂಡನ್ನೂ ಇಟ್ಟಿದ್ದರು. ಬುಟ್ಟಿಯ ಪಕ್ಕದಲ್ಲೇ ನೀರು, ನುಚ್ಚು. ಬಿಸಿಲಲ್ಲಿ ಕೋಳಿ ದೂರ ಹೋಗಿ ತಡ ಮಾಡಬಾರದು ಅಂತ.

ಏಳನೇ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದೆವು. ಕೆಂಪು ನರಗಳು ಬೇರು ಬಿಟ್ಟ ಹಾಗೆ ಹರಡಿದ್ದವು. ನಡುವೆ ಒಂದು ಕಪ್ಪು ಚುಕ್ಕೆ ಅಲ್ಲಾಡುತ್ತಿತ್ತು. ಮಗ ಉಸಿರು ಬಿಗಿಹಿಡಿದು ನಿಂತಿದ್ದ. ಎರಡು ಮೊಟ್ಟೆ ಬರಿದು. ಹತ್ತನೇ ದಿನ ಇನ್ನೊಂದರಲ್ಲಿ ನರಗಳು ಮಾಯವಾಗಿ ಬರೀ ರಕ್ತದ ಉಂಗುರ ಕಂಡಿತು. ಅದು ಸತ್ತ ಲಕ್ಷಣ. ತೆಗೆದೆ. ಹನ್ನೊಂದು ಉಳಿದವು.

ಹದಿನಾಲ್ಕನೇ ದಿನ ಇಳಿದದ್ದು 5.6 ಗ್ರಾಂ. ಇರಬೇಕಾದದ್ದು 5. ಇಪ್ಪತ್ತೊಂದನೇ ದಿನ 7.6. ಇರಬೇಕಾದದ್ದು 7.4. ಗೆರೆ ಮೆಲ್ಲಗೆ ಮೇಲೆ ಬಂದು ಸೇರುತ್ತಿತ್ತು.

ಮರುದಿನವೇ, ಏಪ್ರಿಲ್ 30ರ ಸಂಜೆ, ಭರಣಿ ಮಳೆ ಬಂತು. ಗುಡುಗು, ಸಿಡಿಲು, ಆಲಿಕಲ್ಲು. ಕರೆಂಟ್ ಹೋಯಿತು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮೊಟ್ಟೆ ತಣ್ಣಗಾಗುತ್ತದೆ ಅಂತ ಹೆದರುವ ಅಗತ್ಯ ಕಡಿಮೆ. ನನ್ನ ಭಯ ಬೇರೆ ಇತ್ತು. ಕೊನೆಯ ವಾರದಲ್ಲಿ ಮರಿಗಳು ತಾವೇ ಬಿಸಿ ಹೊರಡಿಸುತ್ತವೆ. ಫ್ಯಾನ್ ನಿಂತರೆ ಆ ಬಿಸಿ ಅಲ್ಲೇ ಕಟ್ಟಿಕೊಳ್ಳುತ್ತದೆ. ನಾನು ಅಂಗಳದಲ್ಲಿ ಹಪ್ಪಳ, ಭತ್ತ ಒಳಗೆ ತರುವ ಗಡಿಬಿಡಿಯಲ್ಲಿದ್ದೆ. ಒಂದು ಗಂಟೆ ಪೆಟ್ಟಿಗೆಯ ಕಡೆ ಹೋಗಲಿಲ್ಲ. ಹೋದಾಗ ಒಳಗೆ 39.2 ಇತ್ತು. ಮುಚ್ಚಳಕ್ಕೆ ಕಡ್ಡಿ ಕೊಟ್ಟು ಓರೆ ಮಾಡಿದೆ. ಬೆಚ್ಚನೆ ನೀರು ಸಿಂಪಡಿಸಿದೆ. ಹತ್ತು ನಿಮಿಷದಲ್ಲಿ 37ಕ್ಕೆ ಬಂತು. ಆ ಒಂದು ಗಂಟೆಯನ್ನು ನಾನು ಮರೆತಿಲ್ಲ.

ಮಳೆ ಬಂದ ಮೇಲೆ ಕೋಣೆಯ ತೇವ ತಾನಾಗಿ ಏರಿತು. ಎರಡು ದಿನ ತಾಟನ್ನೇ ಹೊರಗೆ ತೆಗೆದಿಟ್ಟೆ. ಗೋಣಿ ಇಳಿಸಿದೆ. 24ನೇ ದಿನ ಮತ್ತೆ ಅದೇ ಸುಡು ಬಿಸಿಲು. ಮೇ 3ರಂದು, 25ನೇ ದಿನ, ಕೊನೆಯ ಸಲ ತೂಗಿದೆವು. ಇಳಿದದ್ದು 9 ಗ್ರಾಂ. ಗೆರೆಗೆ ಹತ್ತಿರ ಹತ್ತಿರ ಕೂತಿತ್ತು. ಮಗ ಗೋಡೆಯ ಹಾಳೆಯ ಮುಂದೆ ಚಪ್ಪಾಳೆ ತಟ್ಟಿದ.

ಅವತ್ತಿನಿಂದ ತಿರುಗಿಸುವುದು ನಿಲ್ಲಿಸಿದೆ. ತೇವ 72ಕ್ಕೆ ಏರಿಸಿದೆ. ಇನ್ನು ಮುಚ್ಚಳ ತೆರೆಯುವಂತಿಲ್ಲ. ಪೆಟ್ಟಿಗೆಗೆ ಒಂದು ಸಣ್ಣ ಪೈಪ್ ಇಳಿಸಿ, ಹೊರಗಿನಿಂದಲೇ ಸಿರಿಂಜಿನಲ್ಲಿ ತಾಟಿಗೆ ಬೆಚ್ಚನೆ ನೀರು ಬಿಡುವ ವ್ಯವಸ್ಥೆ ಮಾಡಿಕೊಂಡೆ. ಮರಿ ಚಿಪ್ಪಿಗೆ ತೂತು ಮಾಡಿದ ಮೇಲೆ ಪೊರೆಗೆ ಗಾಳಿ ನೇರವಾಗಿ ತಾಗುತ್ತದೆ. ಆಗ ಒಂದು ಸಲ ಮುಚ್ಚಳ ತೆರೆದರೂ ನಮ್ಮ ಕಡೆಯ ಗಾಳಿಗೆ ಪೊರೆ ಒಣಗಲು ಕೆಲವೇ ನಿಮಿಷ ಸಾಕು.

ಮೇ 4ರ ರಾತ್ರಿ ಪೆಟ್ಟಿಗೆಗೆ ಕಿವಿಯಿಟ್ಟೆ. ಟಕ್, ಟಕ್. ನಡುವೆ ಒಂದು ತೆಳ್ಳನೆ ಕೀಚಲು. ಒಳಗಿನ ಪೊರೆ ಹರಿದು ಕೊಕ್ಕು ಗಾಳಿಯ ಕೋಣೆಗೆ ಬಂದಿತ್ತು. ಮರಿ ಉಸಿರಾಡಲು ಶುರು ಮಾಡಿತ್ತು. ನಾನು ಅತ್ತೆಯವರನ್ನು ಎಬ್ಬಿಸಿ ಕರೆತಂದೆ. ಇಬ್ಬರೂ ಕತ್ತಲಲ್ಲಿ ಕೂತು ಕೇಳಿದೆವು.

ಮೇ 5ರ ಬೆಳಿಗ್ಗೆ ಮೊದಲ ಚಿಪ್ಪು ನಕ್ಷತ್ರದ ಹಾಗೆ ಬಿರಿಯಿತು. ಸಂಜೆಯೊಳಗೆ ಒಂಬತ್ತು ಮೊಟ್ಟೆಗಳಲ್ಲಿ ಗುರುತು. ಆಮೇಲೆ ಏನೂ ನಡೆಯಲಿಲ್ಲ. ಗಂಟೆಗಟ್ಟಲೆ ಏನೂ ಇಲ್ಲ. ಈ ಹೊತ್ತೇ ಕಷ್ಟದ ಹೊತ್ತು. ಬಾತು ಮರಿ ಕೋಳಿ ಮರಿಗಿಂತ ನಿಧಾನ. ತೂತು ಮಾಡಿದ ಮೇಲೆ ಒಂದು ದಿನ, ಒಮ್ಮೊಮ್ಮೆ ಒಂದೂವರೆ ದಿನ ಸುಮ್ನೆ ಇರುತ್ತದೆ. ಸುಮ್ಮನಿದ್ದ ಹಾಗೆ ನಮಗೆ ಕಾಣುತ್ತದೆ ಅಷ್ಟೇ. ಒಳಗೆ ಪೊರೆಯ ನರಗಳಲ್ಲಿರುವ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಉಳಿದ ಹಳದಿಯನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ತೆಗೆದುಕೊಳ್ಳುತ್ತಿರುತ್ತದೆ. ಆ ಕೆಲಸ ಮುಗಿಯುವ ಮೊದಲು ನಾವು ಚಿಪ್ಪು ಬಿಡಿಸಿದರೆ ರಕ್ತ ಹರಿದು ಸಾಯುತ್ತದೆ. ನೋಡುತ್ತಾ ಕೂತವರ ಕೈ ತುರಿಸುತ್ತದೆ, ನಿಜ. ನಾನು ಎರಡು ಸಲ ಎದ್ದು ಹೋಗಿ ಅಂಗಳ ಗುಡಿಸಿದೆ.

ಮೇ 6ರ ನಸುಕಿಗೆ ಮೊದಲ ಮರಿ ಚಿಪ್ಪಿನ ಸುತ್ತ ಗೆರೆ ಕೊರೆಯುತ್ತಾ ಬಂತು. ಟೊಪ್ಪಿಗೆ ತೆಗೆದ ಹಾಗೆ ದಪ್ಪ ತುದಿ ಕಳಚಿತು. ಒದ್ದೆ ಮರಿ ಹೊರಗೆ ಬಿದ್ದು ಮಲಗಿತು. ರಾತ್ರಿಯೊಳಗೆ ಎಂಟು ಹೊರಬಂದವು. ಯಾವುದಕ್ಕೂ ನಾನು ಕೈ ಹಚ್ಚಲಿಲ್ಲ.

ಒಂಬತ್ತನೆಯದು ನಿಂತುಹೋಯಿತು. ಅದು ತೂತು ಮಾಡಿದ್ದು 5ರ ಮಧ್ಯಾಹ್ನ. 7ರ ಬೆಳಿಗ್ಗೆಗೆ 40 ಗಂಟೆ ಆಗಿತ್ತು. ತೂತು ಅಷ್ಟೇ ಇತ್ತು. ಅಂಚಿನ ಪೊರೆ ಬಿಳಿ ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕಾರಣ ನಾನೇ. 6ರ ಮಧ್ಯಾಹ್ನ, ಒಣಗಿದ ಆರು ಮರಿಗಳನ್ನು ತೆಗೆಯಲು ಮುಚ್ಚಳ ತೆರೆದು ಐದಾರು ನಿಮಿಷ ಬಿಟ್ಟಿದ್ದೆ. ಅವು ಇನ್ನೂ ಒಂದು ದಿನ ಒಳಗೇ ಇರಬಹುದಿತ್ತು. ಹೊಟ್ಟೆಯೊಳಗಿನ ಹಳದಿಯಿಂದ ಅವಕ್ಕೆ ಮೊದಲ ದಿನ ಮೇವೇ ಬೇಕಿಲ್ಲ.

ಪಶುವೈದ್ಯರಿಗೆ ಫೋನ್ ಮಾಡಿದೆ. "ಕೂಗ್ತಾ ಇದೆಯಾ?" ಅಂತ ಕೇಳಿದರು. ಹೌದು, ಆದರೆ ದನಿ ಸಣ್ಣದಾಗಿದೆ ಅಂದೆ. "ಹಾಗಿದ್ರೆ ಶುರು ಮಾಡಿ. ಪೊರೆ ಒದ್ದೆ ಮಾಡಿ ನೋಡಿ. ರಕ್ತ ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಎಳೆದು ಮಾತ್ರ ತೆಗೀಬೇಡಿ," ಅಂದರು.

ಬಚ್ಚಲುಮನೆಯಲ್ಲಿ ಹಂಡೆ ಕಾಯಿಸಿದೆ. ಬಾಗಿಲು ಹಾಕಿ, ಒದ್ದೆ ಸೀರೆ ಹರವಿ, ಹಬೆ ತುಂಬಿದ ಮೇಲೆ ಮೊಟ್ಟೆಯನ್ನು ಬೆಚ್ಚನೆ ಒದ್ದೆ ಬಟ್ಟೆಯಲ್ಲಿ ತಂದೆ. ಆ ಗಾಳಿಯಲ್ಲಿ ಪೊರೆ ಇನ್ನಷ್ಟು ಒಣಗುವ ಭಯ ಇರಲಿಲ್ಲ. ಕೈ ಚೆನ್ನಾಗಿ ತೊಳೆದುಕೊಂಡೆ. ತೂತಿನ ಅಂಚಿನಿಂದ ಚಿಪ್ಪಿನ ಚೂರುಗಳನ್ನು ಒಂದೊಂದೇ ಎತ್ತಿದೆ. ಗಾಳಿಯ ಕೋಣೆ ಇರುವ ಕಡೆ ಮಾತ್ರ. ಅಲ್ಲಿ ಚಿಪ್ಪಿಗೆ ನರ ಅಂಟಿರುವುದಿಲ್ಲ, ಒಳಗಿನ ಪೊರೆಯಲ್ಲಿ ಮಾತ್ರ ಇರುತ್ತವೆ. ಹತ್ತಿ ಸುತ್ತಿದ ಕಡ್ಡಿಯಿಂದ ಬೆಚ್ಚನೆ ನೀರು ಪೊರೆಗೆ ತಾಗಿಸಿದೆ. ಕಾಗದಕ್ಕೆ ಎಣ್ಣೆ ಬಿದ್ದ ಹಾಗೆ ಪೊರೆ ತಿಳಿಯಾಯಿತು. ಒಳಗೆ ಎರಡು ಕೆಂಪು ನರ ಕಂಡವು. ಇನ್ನೂ ರಕ್ತ ಇತ್ತು. ಮರಿ ಬಾಯಿ ತೆರೆದು ಮುಚ್ಚಿ, ಏನೋ ಅಗಿಯುವ ಹಾಗೆ ಮಾಡುತ್ತಿತ್ತು. ಹಾಗೆ ಮಾಡುತ್ತಿದ್ದರೆ ಹಳದಿ ಇನ್ನೂ ಪೂರ್ತಿ ಒಳಗೆ ಹೋಗಿಲ್ಲ ಅಂತ ಅರ್ಥ.

ನಿಲ್ಲಿಸಿದೆ. ಪೊರೆಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದೆ. ಎಣ್ಣೆ ನೀರಿನ ಹಾಗೆ ಬೇಗ ಆರುವುದಿಲ್ಲ. ಕೊಕ್ಕಿನ ಮೇಲಿನ ಮೂಗಿನ ಹೊಳ್ಳೆಗೆ ಒಂದು ಹನಿಯೂ ತಾಗದಂತೆ ನೋಡಿಕೊಂಡೆ. ಮತ್ತೆ ಪೆಟ್ಟಿಗೆಗೆ. ಆರು ಗಂಟೆ ಕಾದೆ. ಮಧ್ಯಾಹ್ನ ಮತ್ತೆ ಬಚ್ಚಲಿಗೆ ತಂದು ನೋಡಿದರೆ ಒಂದು ನರ ಬಿಳಿಚಿತ್ತು, ಇನ್ನೊಂದು ಕೂದಲಿನಷ್ಟು ಉಳಿದಿತ್ತು. ಕೊಕ್ಕಿಗೆ ಅಂಟಿದ್ದ ಪೊರೆಯನ್ನಷ್ಟೇ ನೆನೆಸಿ ಬಿಡಿಸಿದೆ. ಮತ್ತೆ ಒಳಗೆ. ರಾತ್ರಿ ಒಂಬತ್ತಕ್ಕೆ ನರ ಕಾಣಲಿಲ್ಲ. ಆಗ ಟೊಪ್ಪಿಗೆಯನ್ನು ಪೂರ್ತಿ ತೆಗೆದು, ತಲೆ ಹೊರಗೆ ಮಾಡಿ, ಕೆಳಗಿನ ಅರ್ಧ ಚಿಪ್ಪನ್ನು ಹಾಗೇ ಬಿಟ್ಟೆ. ಕಾಲಿನಿಂದ ಒದ್ದು ಹೊರಬರುವ ಕೆಲಸ ಅದೇ ಮಾಡಬೇಕು.

ರಾತ್ರಿ ಎರಡೂವರೆಗೆ ಅದು ಹೊರಬಂತು. ಹೊಕ್ಕುಳಲ್ಲಿ ಬಟಾಣಿಯಷ್ಟು ಹಳದಿ ಇನ್ನೂ ಇತ್ತು. ಅದು ಎಲ್ಲಿಗೂ ಉಜ್ಜಬಾರದು ಅಂತ ಒದ್ದೆ ಬಟ್ಟೆ ಹಾಸಿದ ಸಣ್ಣ ಬಟ್ಟಲಲ್ಲಿ ಮರಿಯನ್ನು ಕೂರಿಸಿ ಪೆಟ್ಟಿಗೆಯೊಳಗೇ ಇಟ್ಟೆ. ಮರುದಿನ ಸಂಜೆಗೆ ಹಳದಿ ಒಳಗೆ ಹೋಯಿತು. ಎರಡು ದಿನ ಉಳಿದವುಗಳಿಗಿಂತ ತೂರಾಡುತ್ತಾ ನಡೆಯಿತು. ಮೂರನೇ ದಿನ ಯಾವುದು ಅಂತ ನನಗೇ ಗುರುತು ಸಿಗಲಿಲ್ಲ.

ಅತ್ತೆಯವರ ಕೋಳಿ ಐದರಲ್ಲಿ ನಾಲ್ಕು ಮರಿ ಮಾಡಿತ್ತು. ಮೀಟರ್ ಇಲ್ಲ, ತಕ್ಕಡಿ ಇಲ್ಲ. ಕಾವಿಗೆ ಕೂರುವ ಒಳ್ಳೆ ಜವಾರಿ ಕೋಳಿ ಮನೆಯಲ್ಲಿದ್ದರೆ ಬೇಸಿಗೆಯಲ್ಲಿ ಅದೇ ಮೇಲು. ಇದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ.

ಮರಿಗಳ ಆರೈಕೆಯಲ್ಲೂ ಬೇಸಿಗೆಗೆ ಬೇರೆ ಲೆಕ್ಕ. ಮೊದಲ ವಾರ 32 ಡಿಗ್ರಿ ಕಾವು ಬೇಕು ಅಂತ ಹಗಲಲ್ಲೂ ಬಲ್ಬ್ ಹಚ್ಚಿದರೆ ಬೆಂದು ಹೋಗುತ್ತವೆ. ರಾತ್ರಿ ಮಾತ್ರ ಹಚ್ಚಿದೆ. ನೀರಿನ ತಟ್ಟೆ ಮೂಗು ಮುಳುಗುವಷ್ಟು ಆಳ ಇರಬೇಕು, ಮರಿ ಮುಳುಗುವಷ್ಟು ಅಲ್ಲ. ನಡುವೆ ಬೆಣಚು ಕಲ್ಲು ತುಂಬಿದೆ. ಶೇಂಗಾ ಹಿಂಡಿ ಮುಟ್ಟಲಿಲ್ಲ. ಹಿಂಡಿಗೆ ಬೂಷ್ಟು ಹಿಡಿದರೆ ಅದರ ವಿಷ ಬಾತು ಮರಿಗಳನ್ನು ಎಲ್ಲಕ್ಕಿಂತ ಮೊದಲು ಕೊಲ್ಲುತ್ತದೆ.

ಪೆಟ್ಟಿಗೆಯಲ್ಲಿ ಇನ್ನೂ ಎರಡು ಮೊಟ್ಟೆ ಉಳಿದಿದ್ದವು. ಎರಡರಲ್ಲೂ ಸದ್ದಿರಲಿಲ್ಲ. ಬೆಳಕಿಗೆ ಹಿಡಿದರೂ ಅಲುಗಾಟ ಇರಲಿಲ್ಲ. ಮೇ 9ರವರೆಗೆ ಬಿಟ್ಟು, ಆಮೇಲೆ ಬೇವಿನ ಮರದ ಕೆಳಗೆ ಕೂತು ಒಡೆದೆ. ಒಂದರಲ್ಲಿ ಮರಿಯ ತಲೆ ಚೂಪು ತುದಿಯ ಕಡೆ ಇತ್ತು. ಗಾಳಿಯ ಕೋಣೆ ಅದಕ್ಕೆ ಸಿಕ್ಕೇ ಇರಲಿಲ್ಲ. ಇನ್ನೊಂದರಲ್ಲಿ ಇದ್ದದ್ದು ಮೂರು ವಾರಕ್ಕೇ ಬೆಳವಣಿಗೆ ನಿಂತ ಮರಿ. ಮಳೆ ಬಂದ ಸಂಜೆಯ ಆಸುಪಾಸಿನಲ್ಲೇ ಹೋಗಿರಬೇಕು. ಎರಡರ ಪೊರೆಯನ್ನೂ ಬೆರಳಿಂದ ಮುಟ್ಟಿ ನೋಡಿದೆ. ಬೆಳ್ಳಗೆ, ಒದ್ದೆಯಾಗಿ, ಮೆತ್ತಗೆ ಇದ್ದವು. ಎಲ್ಲಿಯೂ ಅಂಟಿರಲಿಲ್ಲ.

ಅಲ್ಲೇ ಗುಂಡಿ ತೋಡಿ ಎರಡನ್ನೂ ಮಣ್ಣು ಮಾಡಿದೆ. ಪೆಟ್ಟಿಗೆ ತೊಳೆದು ಬಿಸಿಲಿಗೆ ಇಟ್ಟೆ. ಗೋಡೆಯ ಹಾಳೆಯಲ್ಲಿ ಏಪ್ರಿಲ್ 30ರ ಎದುರಿಗೆ "ಕರೆಂಟ್, 39.2, ಒಂದು ಗಂಟೆ" ಅಂತ ಬರೆದೆ. ಮಗ ಅದರ ಕೆಳಗೆ "ಇನ್ವರ್ಟರ್ ವೈರ್ ಎಳೆಯಬೇಕು" ಅಂತ ಸೇರಿಸಿದ.